ಕ್ಲಾವ್‌ಜಿನ್ಯೊ ಇಲ್ಲದ ಬುಶೆಶ

ನನ್ನ ಮಗಳು ಸ್ಕೂಲಿಂದ ಒಂದು ಹೊಸ ಹಾಡು ಕಲಿತು ಬಂದಿದ್ದಳು. ಅವಳಿಗೆ ಆರು ವರ್ಷ. ಪೋರ್ಚುಗೀಸ್ ನನಗಿಂತ ಎಷ್ಟೋ ಚೆನ್ನಾಗಿ ಬರುತ್ತದೆ. ಅಡುಗೆಮನೆ ಕಟ್ಟೆ ಮೇಲೆ ಕೂತು, ಕಾಲು ಆಡಿಸುತ್ತಾ ಹಾಡುತ್ತಿದ್ದಳು. ನಾನು ಈರುಳ್ಳಿ ಹೆಚ್ಚುತ್ತಾ ಕೇಳುತ್ತಿದ್ದೆ.

ರೆಕ್ಕೆ ಇಲ್ಲದ ವಿಮಾನ. ಕೆಂಡ ಇಲ್ಲದ ಬೆಂಕಿ. ಚೆಂಡಿಲ್ಲದ ಫುಟ್‌ಬಾಲ್. ನೀನಿಲ್ಲದೆ ನಾನೂ ಹಾಗೇ ಅಂತ ಹಾಡು ಹೇಳುತ್ತದೆ. ನಡುವೆ ಪಿಯು-ಪಿಯು ಮತ್ತು ಫ್ರಜೋಲಾ ಬರುತ್ತಾರೆ. ನಮ್ಮಲ್ಲಿ ಟ್ವೀಟಿ, ಸಿಲ್ವೆಸ್ಟರ್ ಅಂತ ಟಿವಿಯಲ್ಲಿ ನೋಡುತ್ತಿದ್ದೆವಲ್ಲ, ಅದೇ ಹಕ್ಕಿ, ಅದೇ ಬೆಕ್ಕು. ಅದಾದ ಮೇಲೆ ಒಂದು ಸಾಲು: 'ಕ್ಲಾವ್‌ಜಿನ್ಯೊ ಇಲ್ಲದ ಬುಶೆಶ'.

ಇದೂ ಯಾವುದೋ ಕಾರ್ಟೂನ್ ಜೋಡಿ ಇರಬೇಕು ಅಂದುಕೊಂಡೆ. ಬುಶೆಶ ಅಂದರೆ ಇಲ್ಲಿಯವರ ಕಿವಿಗೆ ಗಲ್ಲ, ಕೆನ್ನೆ ಅಂದ ಹಾಗೆ ಕೇಳುತ್ತದೆ. ದಪ್ಪ ಕೆನ್ನೆಯ ಅಳಿಲೋ ಕರಡಿಯೋ ಇರಬಹುದು ಅನ್ನಿಸಿತು.

ಅವತ್ತು ಅಕ್ಕ ಬರುವ ದಿನ. ನಮ್ಮ ಮನೆಗೆ ವಾರಕ್ಕೆ ಎರಡು ದಿನ ಕೆಲಸಕ್ಕೆ ಬರುವವರನ್ನು ನಾನು ಅಕ್ಕ ಅಂತಲೇ ಕರೆಯುತ್ತೇನೆ. ಅದರ ಅರ್ಥ ಹೇಳಿದ ಮೇಲೆ ಬೇರೆ ಏನು ಕರೆದರೂ ಅವರು ಓ ಅನ್ನುವುದಿಲ್ಲ. ಅವರು ನನ್ನನ್ನು ಕರೆಯುವುದು 'ಮಿನ್ಯ ಫಿಲ್ಯ' ಅಂತ, ಅಂದರೆ ನನ್ನ ಮಗಳೇ. ಇಸ್ತ್ರಿ ಮಾಡುತ್ತಿದ್ದ ಅಕ್ಕ ಆ ಸಾಲು ಬಂದಾಗ ಕೈ ನಿಲ್ಲಿಸಿ, ತಾವೂ ದನಿಗೂಡಿಸಿದರು.

"ಇವರಿಬ್ಬರು ಯಾವ ಕಾರ್ಟೂನ್ ಅಕ್ಕ?" ಅಂತ ಕೇಳಿದೆ.

"ಕಾರ್ಟೂನ್ ಅಲ್ಲ ಮಗಳೇ. ನಮ್ಮೂರ ಹುಡುಗರು, ಫಂಕ್ ಹಾಡುತ್ತಿದ್ದ ಜೋಡಿ" ಅಂದರು.

*

ನಾವಿರುವುದು ಬ್ರೆಜಿಲ್‌ನ ನಿತೆರೊಯ್‌ನಲ್ಲಿ. ಭೂಪಟದಲ್ಲಿ ನೋಡಿದರೆ ರಿಯೊ ಡಿ ಜನೈರೊದ ಎದುರು, ಕೊಲ್ಲಿಯ ಈಚೆ ದಡ. ನಡುವೆ 1974ರಲ್ಲಿ ಆದ 13 ಕಿಲೋಮೀಟರ್ ಸೇತುವೆ ಇದೆ, ದೋಣಿಯೂ ಇದೆ. ನನ್ನ ಗಂಡನಿಗೆ ಸಮುದ್ರದ ಎಣ್ಣೆ ಬಾವಿಗಳಿಗೆ ಹೋಗುವ ಹಡಗುಗಳಲ್ಲಿ ಕೆಲಸ. ನಾಲ್ಕು ವಾರ ಅಲ್ಲಿ, ನಾಲ್ಕು ವಾರ ಇಲ್ಲಿ. ಅವರು ಹಡಗಿನಲ್ಲಿರುವಾಗ ಮನೆಯಲ್ಲಿ ನಾನು, ಮಗಳು, ಆಮೇಲೆ ಅಕ್ಕನ ಮಾತು.

ನಿತೆರೊಯ್‌ಗೆ ಅಂಟಿಕೊಂಡೇ ಸಾವೊ ಗೊನ್ಸಾಲೊ ಇದೆ. ಸುಮಾರು 9 ಲಕ್ಷ ಜನ ಇರುವ ಊರು. ಆದರೆ ಪ್ರವಾಸಿಗಳು ಯಾರೂ ಹೋಗುವುದಿಲ್ಲ, ಪೋಸ್ಟ್‌ಕಾರ್ಡಿನಲ್ಲಿ ಅದರ ಚಿತ್ರ ಬರುವುದಿಲ್ಲ. ಬೆಳಿಗ್ಗೆ ಬಸ್ಸು ತುಂಬಿಕೊಂಡು ಜನ ಇತ್ತ ಕೆಲಸಕ್ಕೆ ಬರುತ್ತಾರೆ, ಸಂಜೆ ಅದೇ ಬಸ್ಸಿನಲ್ಲಿ ನೇತಾಡಿಕೊಂಡು ವಾಪಸ್ ಹೋಗುತ್ತಾರೆ. ಅಕ್ಕನೂ ಹಾಗೇ.

ನಾನು ಇಲ್ಲಿಗೆ ಬಂದ ಹೊಸದರಲ್ಲಿ ಶನಿವಾರ ರಾತ್ರಿ ಗುಡ್ಡದ ಕಡೆಯಿಂದ ದಡ್ ದಡ್ ಅಂತ ಸದ್ದು ಕೇಳುತ್ತಿತ್ತು. ಕಿಟಕಿ ಗಾಜು ನಡುಗುತ್ತಿತ್ತು. "ಅದು ಫಂಕ್, ಅದನ್ನೆಲ್ಲ ಕೇಳಬೇಡ" ಅಂತ ನಮ್ಮ ಕಟ್ಟಡದವರು ಹೇಳಿದ್ದರು. ಪೋಲಿ ಹಾಡು, ಪುಂಡರ ಹಾಡು ಅಂತ. ನಾನೂ ನಂಬಿದ್ದೆ. ಊರಿಗೆ ಫೋನ್ ಮಾಡಿದಾಗ ಅಮ್ಮನಿಗೂ ಹಾಗೇ ಹೇಳಿದ್ದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾನು ಹೇಳಿದ್ದು ಅರ್ಧವೂ ಸರಿ ಇರಲಿಲ್ಲ.

*

ಇಲ್ಲಿಯ ಫಂಕ್ ಅಂದರೆ ಅಮೆರಿಕದ ಜೇಮ್ಸ್ ಬ್ರೌನ್ ಹಾಡುತ್ತಿದ್ದ ಫಂಕ್ ಅಲ್ಲ. ಶುರುವಾಗಿದ್ದು ಮಾತ್ರ ಅಲ್ಲಿಂದಲೇ. 1970ರ ದಶಕದಲ್ಲಿ ರಿಯೊದ ಬಡ ಬಡಾವಣೆಗಳ ಕ್ಲಬ್ಬುಗಳಲ್ಲಿ ಕಪ್ಪು ಜನರ ಹುಡುಗ ಹುಡುಗಿಯರು ಅಮೆರಿಕದ ಸೋಲ್, ಫಂಕ್ ರೆಕಾರ್ಡು ಹಾಕಿಕೊಂಡು ಕುಣಿಯುತ್ತಿದ್ದರು. ಆ ಕುಣಿತದ ರಾತ್ರಿಗೆ 'ಬೈಲಿ' ಅಂತ ಹೆಸರು. ಎಂಬತ್ತರ ದಶಕದಲ್ಲಿ ಮಯಾಮಿ ಕಡೆಯ ಬೇಸ್ ಜಾಸ್ತಿ ಇರುವ ತಾಳ ಬಂತು. ಹಾಡು ಬದಲಾಯಿತು, ಫಂಕ್ ಅನ್ನುವ ಹೆಸರು ಉಳಿಯಿತು. ಇಂಗ್ಲಿಷ್ ಯಾರಿಗೂ ಬರುತ್ತಿರಲಿಲ್ಲ. ಕಿವಿಗೆ ಬಿದ್ದ ಹಾಗೆ ಪೋರ್ಚುಗೀಸ್ ಪದ ಹಾಕಿ ಕೂಗುತ್ತಿದ್ದರು. ಆಮೇಲೆ 1989ರಲ್ಲಿ ಡಿಜೆ ಮಾರ್ಲ್‌ಬೊರೊ ಅನ್ನುವವರು ಇಲ್ಲಿಯವರೇ ಪೋರ್ಚುಗೀಸಿನಲ್ಲಿ ಹಾಡಿದ ಫಂಕ್ ರೆಕಾರ್ಡ್ ತಂದರು. ಅಲ್ಲಿಂದ ಅದು ಇವರದೇ ಆಯಿತು.

ಗಲಾಟೆ ಇರಲಿಲ್ಲ ಅಂತಲ್ಲ. ಒಂದೊಂದು ಬಡಾವಣೆಯ ಹುಡುಗರದು ಒಂದೊಂದು ಗುಂಪು. ಬೈಲಿಗಳಲ್ಲಿ ಹೊಡೆದಾಟ ಆಗುತ್ತಿತ್ತು. 1992ರ ಅಕ್ಟೋಬರಿನಲ್ಲಿ ಅರ್ಪೊಅಡೊರ್ ಬೀಚಿನಲ್ಲಿ ಬಡ ಹುಡುಗರ ಗುಂಪುಗಳು ಓಡಾಡಿ ಗದ್ದಲ ಆಯಿತು. ಟಿವಿಯಲ್ಲಿ ಮತ್ತೆ ಮತ್ತೆ ಅದೇ ದೃಶ್ಯ. ಅವತ್ತಿಂದ ಫಂಕ್ ಕೇಳುವವನು ಅಂದರೆ ಕಳ್ಳ ಅನ್ನುವ ಹಾಗಾಯಿತು. "ನನ್ನ ತಮ್ಮನಿಗೆ ಬಸ್ಸು ನಿಲ್ಲಿಸುತ್ತಲೇ ಇರಲಿಲ್ಲ" ಅಂತ ಅಕ್ಕ ಹೇಳಿದರು.

ಹೊಡೆದಾಟ ನಿಲ್ಲಿಸಲಿಕ್ಕೆ ಬೈಲಿ ನಡೆಸುವವರು ಒಂದು ದಾರಿ ಕಂಡುಕೊಂಡರು. ಹಾಡಿನ ಸ್ಪರ್ಧೆ ಇಟ್ಟರು. ಪ್ರತಿ ಗುಂಪೂ ತನ್ನ ಬಡಾವಣೆಯ ಮೇಲೆ ಒಂದು ಹಾಡು ಕಟ್ಟಿಕೊಂಡು ಬರಬೇಕು, ಶಾಂತಿಯಿಂದ ಇರೋಣ ಅಂತ ಹಾಡಬೇಕು. ಅಂಥ ಸ್ಪರ್ಧೆಯಿಂದ ಬಂದವರೇ ನನ್ನ ಮಗಳ ಹಾಡಿನ ಆ ಇಬ್ಬರು.

*

ಕ್ಲಾವ್‌ಜಿನ್ಯೊ ಮತ್ತು ಬುಶೆಶ ಇಬ್ಬರೂ ಹುಟ್ಟಿದ್ದು 1975ರಲ್ಲಿ. ಚಿಕ್ಕಂದಿನ ಗೆಳೆಯರು. ಬುಶೆಶನ ನಿಜವಾದ ಹೆಸರು ಕ್ಲಾವ್‌ಸಿರ್ಲೇಯ್, ಕ್ಲಾವ್‌ಜಿನ್ಯೊ ಅಂದರೆ ಕ್ಲಾವ್‌ಜಿಯೊ ಅನ್ನುವ ಹೆಸರನ್ನು ಮುದ್ದು ಮಾಡಿ ಕರೆಯುವುದು. ಹೊಟ್ಟೆಪಾಡಿಗೆ ಸಣ್ಣಪುಟ್ಟ ಕೆಲಸ ಮಾಡಿಕೊಂಡಿದ್ದ ಹುಡುಗರು. ಬುಶೆಶ ಬರೆಯುವವನು, ನಾಚಿಕೆಯವನು. ಸ್ಪರ್ಧೆಗೆ ಹೋಗೋಣ ಅಂತ ಹಟ ಹಿಡಿದು ಎಳೆದುಕೊಂಡು ಹೋದವನು ಕ್ಲಾವ್‌ಜಿನ್ಯೊ. ಅವರ ಹೆಸರು ಮೊದಲು ರೇಡಿಯೊದಲ್ಲಿ ಕೇಳಿಸಿದ್ದು ತಮ್ಮ ಬಡಾವಣೆ ಸಲ್ಗೇರೊ ಬಗ್ಗೆ ಕಟ್ಟಿದ ಹಾಡಿನಿಂದ. (ರಿಯೊದಲ್ಲಿ ಇದೇ ಹೆಸರಿನ ದೊಡ್ಡ ಸಾಂಬಾ ಶಾಲೆ ಇದೆ. ಅದು ಬೇರೆ. ಇದು ಸಾವೊ ಗೊನ್ಸಾಲೊದ ಸಲ್ಗೇರೊ.)

1996ರಲ್ಲಿ ಮೊದಲ ಆಲ್ಬಮ್ ಬಂತು. ಲಕ್ಷಗಟ್ಟಲೆ ಮಾರಾಟವಾಯಿತು. ಅವರದು ಫಂಕ್‌ನಲ್ಲಿ ಮೆಲೊಡಿ ಅನ್ನುವ ಬಗೆ. ಬಂದೂಕಿನ ಮಾತಿಲ್ಲ, ಪೋಲಿ ಮಾತಿಲ್ಲ. ತಾಳ ಅದೇ, ಮೇಲೆ ಪ್ರೀತಿಯ ಹಾಡು. ಎರಡು ಎಳೆ ದನಿಗಳು ಒಂದರ ಹಿಂದೆ ಒಂದು ಬರುತ್ತವೆ. ಜೊತೆಗೆ ಒಟ್ಟಿಗೆ ಹೆಜ್ಜೆ ಹಾಕುವ ಕುಣಿತ. ಭಾನುವಾರದ ಟಿವಿ ಕಾರ್ಯಕ್ರಮಗಳಿಗೆ ಅವರು ಬಂದಾಗ, ಫಂಕ್ ಅಂದರೆ ಮೂಗು ಮುರಿಯುತ್ತಿದ್ದ ಮನೆಗಳಲ್ಲೂ ಮಕ್ಕಳು ಕುಣಿಯತೊಡಗಿದರು.

ಆ ಮೊದಲ ಆಲ್ಬಮ್ಮಿನಲ್ಲಿ 'ನಮ್ಮ ಕನಸು' ಅನ್ನುವ ಹಾಡಿದೆ. ಬೈಲಿ ಮುಗಿದ ಮೇಲೆ ಮತ್ತೆ ಸಿಗೋಣ ಅಂತ ಒಬ್ಬ ಹುಡುಗಿಗೆ ಹೇಳುತ್ತಾ, ಬೈಲಿ ನಡೆಯುವ ಬಡಾವಣೆಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿಕೊಂಡು ಹೋಗುತ್ತಾರೆ. ನಿತೆರೊಯ್, ಸಿಡಾಡೆ ಡಿ ಡೆವುಸ್, ರೊಸಿನ್ಯ, ವಿಡಿಗಲ್, ಮಂಗೇರಾ, ಮಡುರೇರಾ, ಇನ್ನೂ ಎಷ್ಟೋ. ನಮ್ಮ ದಾಸರಲ್ಲಿ ಊರೂರ ದೇವರ ಹೆಸರು ಜೋಡಿಸಿ ಹಾಡುವುದಿಲ್ಲವಾ, ಹಾಗೆ ಕೇಳಿಸಿತು ನನಗೆ. ಅದರಲ್ಲಿ ಮುತುವಾಪಿರ ಅಂತ ಒಂದು ಹೆಸರು ಬರುತ್ತದೆ. ಅದು ಸಾವೊ ಗೊನ್ಸಾಲೊದಲ್ಲಿ ಅಕ್ಕನ ಬಡಾವಣೆ.

"ಆಗ ನನಗೆ 19 ವರ್ಷ. ಅಲ್ಲಿಯವರೆಗೆ ನಮ್ಮ ಕೇರಿ ಹೆಸರು ರೇಡಿಯೊದಲ್ಲಿ ಬಂದರೆ ಯಾರೋ ಸತ್ತರು ಅಂತ ಅರ್ಥ. ಅವತ್ತು ಹಾಡಿನಲ್ಲಿ ಬಂತು. ಅಮ್ಮ ಓಡಿ ಬಂದು ಸೌಂಡ್ ಜಾಸ್ತಿ ಮಾಡಿದಳು" ಅಂದರು ಅಕ್ಕ. ಇದನ್ನು ಹೇಳುವಾಗ ಅವರು ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕೆ ಎತ್ತಿಟ್ಟಿದ್ದರು.

ಅದೇ ಹಾಡಿನಲ್ಲಿ 'ಅಡ್ಜುಡಿಕಾರ್' ಅನ್ನುವ ಪದ ಇದೆ. ಕೋರ್ಟಿನಲ್ಲಿ ಆಸ್ತಿ ಯಾರಿಗೆ ಸೇರಬೇಕು ಅಂತ ತೀರ್ಪು ಕೊಡುವಾಗ ಬರುವ ಪದ. ವಿಧಿ ನಮಗೆ ತೀರ್ಪು ಕೊಟ್ಟರೆ ಈ ಪ್ರೀತಿ ನಮ್ಮದಾಗುತ್ತದೆ ಅನ್ನುವ ಅರ್ಥದಲ್ಲಿ ಹಾಕಿದ್ದಾರೆ. ಅಕ್ಕನ ಗೆಳತಿಯರಿಗೆ ಯಾರಿಗೂ ಅರ್ಥ ಗೊತ್ತಿರಲಿಲ್ಲವಂತೆ. ಆದರೂ ಗಂಟಲು ಹರಿಯುವ ಹಾಗೆ ಹಾಡುತ್ತಿದ್ದರಂತೆ. ಫಂಕ್ ಹಾಡುವವರಿಗೆ ಓದು ಬರಹ ಇಲ್ಲ ಅನ್ನುವವರಿಗೆ ನಾನು ಈಗ ಈ ಪದ ತೋರಿಸುತ್ತೇನೆ.

*

ಇನ್ನು ನನ್ನ ಮಗಳ ಹಾಡಿಗೆ ಬರುತ್ತೇನೆ.

ಅದನ್ನು ಬರೆದವರು ಇವರಿಬ್ಬರೂ ಅಲ್ಲ. ಅಬ್ದುಲ್ಲಾ ಮತ್ತು ಕಾಕಾ ಮೊರಾಯ್ಸ್ ಅನ್ನುವ ಇಬ್ಬರು. ಬಿಟ್ಟಿರಲಾರದ ಜೋಡಿಗಳನ್ನು ಸಾಲಾಗಿ ಇಡುತ್ತಾ, ಹಾಡುವವರ ಹೆಸರನ್ನೇ ನಡುವೆ ಸೇರಿಸಿದರು. ಬುಶೆಶನನ್ನು ಕ್ಲಾವ್‌ಜಿನ್ಯೊ ಇಲ್ಲದೆ ಯಾರಾದರೂ ಊಹಿಸಲಿಕ್ಕೆ ಆಗುತ್ತಾ ಅಂತ. ಕೇಳಿದವರು ನಕ್ಕಿರಬೇಕು. ರಾಜನ್-ನಾಗೇಂದ್ರ ಅಂತ ನಾವು ಒಂದೇ ಹೆಸರಿನ ಹಾಗೆ ಹೇಳುತ್ತೇವಲ್ಲ, ಇಲ್ಲಿಯವರಿಗೆ ಇವರೂ ಹಾಗೇ.

ಹಾಡು ಬಂದಿದ್ದು 2002ರಲ್ಲಿ. ಅದೇ ವರ್ಷ ಜುಲೈ 13, ಶನಿವಾರ. ಸಾವೊ ಪಾವ್ಲೊ ರಾಜ್ಯದ ಲೊರೇನಾ ಅನ್ನುವ ಊರಲ್ಲಿ ಕಾರ್ಯಕ್ರಮ ಮುಗಿಸಿ ಇಬ್ಬರೂ ರಿಯೊ ಕಡೆ ವಾಪಸ್ ಬರುತ್ತಿದ್ದರು, ಬೇರೆ ಬೇರೆ ಗಾಡಿಯಲ್ಲಿ. ಡುಟ್ರಾ ಹೆದ್ದಾರಿಯಲ್ಲಿ ಕ್ಲಾವ್‌ಜಿನ್ಯೊ ಇದ್ದ ಕಾರು ಅಪಘಾತಕ್ಕೆ ಸಿಕ್ಕಿತು. ಅವರಿಗೆ 26 ವರ್ಷ.

ಎರಡು ವಾರದ ಹಿಂದಷ್ಟೇ ಬ್ರೆಜಿಲ್ ಫುಟ್‌ಬಾಲ್ ವಿಶ್ವಕಪ್ ಗೆದ್ದಿತ್ತು. ಬೀದಿಗೆ ಅಡ್ಡಡ್ಡ ಕಟ್ಟಿದ್ದ ಹಸಿರು ಹಳದಿ ತೋರಣ ಇನ್ನೂ ಬಿಚ್ಚಿರಲಿಲ್ಲವಂತೆ. ಅಕ್ಕನಿಗೆ ನೆನಪಿರುವುದು ಅದು. ತೋರಣದ ಕೆಳಗೆ ಹೆಂಗಸರು ನೈಟಿಯಲ್ಲೇ ಹೊರಗೆ ಬಂದು ನಿಂತಿದ್ದರು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಒಂದು ಮನೆಯ ರೇಡಿಯೊದಲ್ಲಿ ಆ ಹಾಡು ಬಂತು, ಆ ಸಾಲು ಬರುವುದರೊಳಗೆ ಯಾರೋ ಆರಿಸಿಬಿಟ್ಟರು.

ಈಗ ಬುಶೆಶನ ಬಗ್ಗೆ ಯೋಚಿಸಿ. 27 ವರ್ಷದ ಗಂಡಸು. ಗೆಳೆಯ ಹೋದ. ತಾವಿಬ್ಬರೂ ಹಾಡಿದ ಹಾಡು ಎಲ್ಲಾ ಕಡೆ ಕೇಳಿಸುತ್ತಿದೆ. ಅದರಲ್ಲಿ ತನ್ನದೇ ಹೆಸರು, ಅವನಿಲ್ಲದ ತಾನು ಅಂತ. ಜನ ಅದನ್ನೇ ಹಾಡು ಅಂತ ಕೇಳುತ್ತಾರೆ. ಆ ಸಾಲನ್ನು ಒಬ್ಬನೇ ನಿಂತು ಹೇಗೆ ಹಾಡುವುದು? ಅವರು ಹಾಡು ಬಿಡಲಿಲ್ಲ. ಒಬ್ಬರೇ ವೇದಿಕೆ ಹತ್ತಿದರು, ಇವತ್ತಿಗೂ ಹತ್ತುತ್ತಿದ್ದಾರೆ. ಅವರ ಬದುಕಿನ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ. ಜೋಡಿಯಾಗಿ ಹಾಡಿದ್ದು ಕೆಲವೇ ವರ್ಷ. ಒಬ್ಬರೇ ಹಾಡುತ್ತಾ ಬಂದಿದ್ದು ಇಪ್ಪತ್ತು ವರ್ಷಕ್ಕೂ ಜಾಸ್ತಿ.

2004ರಲ್ಲಿ ಅಡ್ರಿಯಾನಾ ಕಲ್ಕಾನ್ಯೊಟೊ ಅನ್ನುವ ಹೆಸರಾಂತ ಗಾಯಕಿ ಮಕ್ಕಳಿಗಾಗಿ ಪಾರ್ಟಿಂಪಿಂ ಅನ್ನುವ ಹೆಸರಿನಲ್ಲಿ ಒಂದು ಆಲ್ಬಮ್ ಮಾಡಿದರು. ಅದರಲ್ಲಿ ಈ ಹಾಡನ್ನು ಮೆಲ್ಲಗೆ, ಜೋಗುಳದ ಹಾಗೆ ಹಾಡಿದರು. ಆ ಸಾಲನ್ನು ತೆಗೆಯಲಿಲ್ಲ. ಅಲ್ಲಿಂದ ಅದು ಸ್ಕೂಲುಗಳಿಗೆ ಬಂತು, ನನ್ನ ಮಗಳ ಬಾಯಿಗೂ ಬಂತು. ಕ್ಲಾವ್‌ಜಿನ್ಯೊ ಯಾರು ಅಂತ ಗೊತ್ತಿಲ್ಲದ ಮಕ್ಕಳು ದಿನಾ ಅವರ ಹೆಸರು ಹೇಳುತ್ತಿವೆ.

2009ರಲ್ಲಿ ರಿಯೊ ರಾಜ್ಯ ಫಂಕ್ ನಮ್ಮ ಸಂಸ್ಕೃತಿಯ ಭಾಗ ಅಂತ ಕಾನೂನು ಮಾಡಿತು. 2023ರಲ್ಲಿ ಈ ಇಬ್ಬರ ಕಥೆ ಸಿನಿಮಾ ಆಯಿತು. ಆ ಊರುಗಳ ಪಟ್ಟಿಯ ಹಾಡಿನ ಹೆಸರೇ ಸಿನಿಮಾಗೂ. ಜುವಾನ್ ಪೈವಾ ಬುಶೆಶ ಆಗಿದ್ದಾರೆ, ಲುಕಾಸ್ ಪೆಂಟೆಯಾಡೊ ಕ್ಲಾವ್‌ಜಿನ್ಯೊ. ಅಕ್ಕ ಥಿಯೇಟರಿನಲ್ಲಿ ತಂಗಿಯ ಜೊತೆ ನೋಡಿದ್ದರು. ಆಮೇಲೆ ನಮ್ಮ ಮನೆಯಲ್ಲಿ ನನ್ನ ಜೊತೆ ಕೂತು ಮತ್ತೆ ನೋಡಿದರು. ಕೊನೆ ಹತ್ತಿರ ಬಂದಾಗ, ಕಾಫಿ ಮಾಡುತ್ತೇನೆ ಅಂತ ಎದ್ದು ಅಡುಗೆಮನೆಗೆ ಹೋದರು. ಕಾಫಿ ಬರಲಿಲ್ಲ. ನಾನೂ ಕೇಳಲಿಲ್ಲ.

*

ಹೋದ ಭಾನುವಾರ ಅಕ್ಕ ಊಟಕ್ಕೆ ಕರೆದಿದ್ದರು. "ಅಲ್ಲಿಗೆಲ್ಲ ಹೋಗುತ್ತೀರಾ?" ಅಂತ ಕಟ್ಟಡದವರೊಬ್ಬರು ಕೇಳಿದರು. ಹೌದು, ಅಕ್ಕನ ಮನೆಗೆ ಅಂದೆ.

ಒಂದು ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡೆ. ಅಕ್ಕ ನಮಗಾಗಿ ಮಾಂಸ ಹಾಕದೆ ಕಪ್ಪು ಬೀನ್ಸ್ ಕಾಳಿನ ಸಾರು ಮಾಡುತ್ತೇನೆ ಅಂದಿದ್ದರು, ಮರಗೆಣಸಿನ ಹಿಟ್ಟು ಹುರಿದು ಫರೋಫ ಮಾಡುತ್ತೇನೆ ಅಂದಿದ್ದರು. ಬಸ್ಸು ನಿತೆರೊಯ್ ದಾಟಿತು. ಕಟ್ಟಡಗಳು ಗಿಡ್ಡವಾದವು, ಬಣ್ಣ ಬಳಿಯದ ಇಟ್ಟಿಗೆ ಗೋಡೆಗಳು ಬಂದವು, ತಾರಸಿಗಳ ಮೇಲೆ ನೀಲಿ ನೀರಿನ ಟ್ಯಾಂಕುಗಳು. ಮಗಳು ಕಿಟಕಿ ಪಕ್ಕ ಕೂತು ಬೋರ್ಡುಗಳನ್ನು ಒಂದೊಂದಾಗಿ ಕೂಡಿಸಿ ಓದುತ್ತಿದ್ದಳು. ಈಗಷ್ಟೇ ಓದಲು ಕಲಿಯುತ್ತಿದ್ದಾಳೆ. ಅಕ್ಕ ಅವಳಿಗೆ ಆ ಇನ್ನೊಂದು ಹಾಡನ್ನೂ ಕಲಿಸಿದ್ದಾರೆ ಅಂತ ನನಗೆ ಗೊತ್ತಿರಲಿಲ್ಲ.

ಒಂದು ಬೋರ್ಡಿನ ಮುಂದೆ ಬಸ್ಸು ನಿಧಾನ ಆಯಿತು. ಮು-ತು-ವಾ-ಪಿ-ರ.

"ಅಮ್ಮಾ, ಇದು ಹಾಡಲ್ಲಿ ಬರತ್ತೆ!" ಅಂತ ಕೂಗಿದಳು. ಮುಂದಿನ ಸೀಟಿನಲ್ಲಿದ್ದ ಹೆಂಗಸು ತಿರುಗಿ ನೋಡಿದರು. ಕನ್ನಡ ಅವರಿಗೆ ಎಲ್ಲಿ ಅರ್ಥವಾಗಬೇಕು. ಆದರೆ ಮಗಳು ಹಾಡಲು ಶುರು ಮಾಡಿದ್ದಳು, ಊರುಗಳ ಹೆಸರು ಒಂದರ ಹಿಂದೆ ಒಂದು. ಅವಳು ಎಲ್ಲೋ ಒಂದು ಹೆಸರು ಮರೆತಾಗ ಆ ಹೆಂಗಸೇ ಅದನ್ನು ಹೇಳಿಕೊಟ್ಟರು. ಸ್ಟಾಪಿನಲ್ಲಿ ಅಕ್ಕ ಕೊಡೆ ಹಿಡಿದು ಕಾಯುತ್ತಿದ್ದರು.