ನಿಡ್ಡಾ ಹೊಳೆ ಬದಿಯಲ್ಲಿ ನಮ್ಮ ಬೈಲು ನೆನಪಾದದ್ದು

ಫ್ರಾಂಕ್‌ಫರ್ಟ್ ಅಂದ್ರೆ ಊರಲ್ಲಿ ಎಲ್ರೂ ಮೈನ್ ನದಿ ಬಗ್ಗೆ ಕೇಳ್ತಾರೆ, ಆದ್ರೆ ನಂಗೆ ಹತ್ತಿರ ಆದದ್ದು ಅದಕ್ಕೆ ಊರಿನ ಹೆಕ್ಸ್ಟ್ ಅನ್ನುವ ಭಾಗದ ಹತ್ರ ಬಂದು ಸೇರುವ ನಿಡ್ಡಾ ಅನ್ನುವ ಸಣ್ಣ ಹೊಳೆ. ಉದ್ದ ಸುಮಾರು 90 ಕಿಲೋಮೀಟರ್ ಅಷ್ಟೇ, ಉಡುಪಿಯಲ್ಲಿ ಸ್ವರ್ಣಾ ನದಿ ನೋಡಿ ಬೆಳೆದವರಿಗೆ ಇದು ದೊಡ್ಡ ತೋಡಿನ ಹಾಗೆ ಕಾಣ್ತದೆ.

ಮೊನ್ನೆ ರಜೆಯಲ್ಲಿ ಸೈಕಲ್ ಹಿಡ್ಕೊಂಡು ಮೇಲಿನಿಂದ ಕೆಳಗೆ ಬಂದೆ. ಹುಟ್ಟುವುದು ಫೋಗೆಲ್ಸ್‌ಬರ್ಗ್ ಗುಡ್ಡದಲ್ಲಿ, ಅದು ಹಳೇ ಜ್ವಾಲಾಮುಖಿ, ಕಪ್ಪು ಬಸಾಲ್ಟ್ ಕಲ್ಲು, ಚಳಿ ಮಳೆ ಜಾಸ್ತಿ, ಹಾಗಾಗಿ ಅಲ್ಲಿ ಕಾಡು ಮತ್ತೆ ದನ ಮೇಯುವ ಹುಲ್ಲು. ಕೆಳಗೆ ವೆಟರಾವ್ ಅನ್ನುವ ಬಯಲು ಸೀಮೆಗೆ ಇಳಿದ್ರೆ ಗಾಳಿ ತಂದು ಹಾಕಿದ ನಯವಾದ ಮಣ್ಣು, ಗೋಧಿ, ಸಕ್ಕರೆ ಬೀಟ್‌ರೂಟ್. ಹೊಳೆಗೆ ತಾಗಿದ ತಗ್ಗಿನಲ್ಲಿ ಮಾತ್ರ ಹುಲ್ಲುಗಾವಲು, ಯಾಕಂದ್ರೆ ನೆರೆ ಬರುವ ಜಾಗ ಅದು. ನೋಡ್ತಾ ಅನ್ನಿಸಿದ್ದು, ಇದು ನಮ್ಮ ಬೆಟ್ಟು (ಎತ್ತರದ ಗದ್ದೆ), ಮಜಲು (ನಡುವಿನದ್ದು), ಬೈಲು (ತಗ್ಗಿನದ್ದು) ಲೆಕ್ಕವೇ ಅಲ್ವಾ ಮಾರಾಯ್ರೆ! ಬೆಟ್ಟಿನಲ್ಲಿ ಮಳೆ ನಂಬಿ ಒಂದೇ ಬೆಳೆ, ಮಜಲಿನಲ್ಲಿ ಎರಡು, ಬೈಲಿನಲ್ಲಿ ನೀರಿದ್ರೆ ಮಳೆಗಾಲದ ಏಣೆಲು, ಆಮೇಲಿನ ಸುಗ್ಗಿ, ಬೇಸಿಗೆಯ ಕೊಳಕೆ ಅಂತ ಭತ್ತದ ಮೂರೂ ಬೆಳೆ. ನೀರು ಎಲ್ಲಿ ನಿಲ್ತದೆ ಅಂತ ನೋಡಿಯೇ ಅಜ್ಜನವರು ಗದ್ದೆಗೆ ಹೆಸರಿಟ್ಟದ್ದು.

ಇಲ್ಲಿಯವರೂ ತಪ್ಪು ಮಾಡಿದ್ದಾರೆ. ಕಳೆದ ಶತಮಾನದಲ್ಲಿ ನೆರೆ ತಪ್ಪಿಸ್ಲಿಕ್ಕೆ ಅಂತ ಹೊಳೆಯ ತಿರುವು ಎಲ್ಲ ಕತ್ತರಿಸಿ ಕಾಲುವೆ ಹಾಗೆ ನೇರ ಮಾಡಿದ್ರು, ನೀರು ರಭಸದಲ್ಲಿ ಕೆಳಗೆ ಹೋಯ್ತು, ಮೀನಿಗೆ ಜಾಗ ಇಲ್ಲ. ಈಗ ದುಡ್ಡು ಖರ್ಚು ಮಾಡಿ ಅಲ್ಲಲ್ಲಿ ತಿರುವು ವಾಪಸ್ ಕೊಡ್ತಾ ಇದ್ದಾರೆ. ಫ್ರಾಂಕ್‌ಫರ್ಟ್‌ನ ಬೊನಾಮೆಸ್ ಅನ್ನುವ ಭಾಗದಲ್ಲಿ ಅಮೆರಿಕದ ಸೈನ್ಯ 1992ರಲ್ಲಿ ಬಿಟ್ಟು ಹೋದ ಹೆಲಿಕಾಪ್ಟರ್ ಮೈದಾನ ಉಂಟು, ಅದರ ಕಾಂಕ್ರೀಟ್ ಒಡೆದು ಹಾಗೇ ಬಿಟ್ಟಿದ್ದಾರೆ, ಸಂದಿಯಲ್ಲಿ ಗಿಡ ಬಂದು ಕಪ್ಪೆ ಕೂಗ್ತದೆ. ಅಲ್ಲಿ ನಿಂತು ಸುಮಾರು ಹೊತ್ತು ಕೇಳಿದೆ, ಕಣ್ಣು ಮುಚ್ಚಿದ್ರೆ ಜೋರು ಮಳೆಯ ಆಟಿ ತಿಂಗಳ ನಮ್ಮ ಅಂಗಳ.

ನಮ್ಮ ಮನೆ ಎದುರಿನ ಬೈಲಿಗೆ ಯಾರೋ ಮಣ್ಣು ತುಂಬಿಸಿ ಸೈಟ್ ಮಾಡಿದ ಮೇಲೆ ಮಳೆಗಾಲದಲ್ಲಿ ತೋಡಿನ ನೀರು ನಮ್ಮ ಜಗಲಿವರೆಗೆ ಬರ್ತದೆ. ಉಳಿದ ನಮ್ಮ ಎರಡು ಗದ್ದೆ ಬೆಳೆ ಇಲ್ಲದೆ ಹಡಿಲು ಬಿದ್ದಿದೆ, ಅದನ್ನೂ ಕೇಳಿದ್ದಾರಂತೆ. ನಿನ್ನೆ ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದೆ, ಕೊಡೋದು ಬೇಡಪ್ಪಾ, ಖರ್ಚು ನಾನು ಕಳಿಸ್ತೇನೆ, ಈ ಸರ್ತಿ ಏಣೆಲು ಹಾಕುವ ಅಂತ. ಗದ್ದೆ ಕೆಲಸಕ್ಕೆ ಜನ ಸಿಗ್ತಾರಾ ನೋಡ್ತೇನೆ ಅಂದ್ರು.