ಜಗಲಿಯ ಮೇಲೆ ಎಂಟನೆಯವರು

ಮೊದಲ ಪಿಯುಸಿ ಕೆಮಿಸ್ಟ್ರಿ ಟೆಸ್ಟಿನಲ್ಲಿ ಒಂದು ಮಾರ್ಕಿನ ಪ್ರಶ್ನೆ ಬಂದಿತ್ತು. ಎಲೆಕ್ಟ್ರಾನ್ ಗೇನ್ ಎಂಥಾಲ್ಪಿ (ಪರಮಾಣು ಒಂದು ಎಲೆಕ್ಟ್ರಾನ್ ತೆಗೆದುಕೊಂಡಾಗ ಆಗುವ ಶಕ್ತಿಯ ಬದಲಾವಣೆ) ಯಾವ ಧಾತುವಿಗೆ ಅತಿ ಹೆಚ್ಚು ನೆಗೆಟಿವ್? ನಾನು ಯೋಚನೆಯನ್ನೇ ಮಾಡದೆ ಫ್ಲೋರಿನ್ ಅಂತ ಬರೆದೆ. ತಪ್ಪಾಯಿತು. ಕ್ಲಾಸಿನಲ್ಲಿ ಮುಕ್ಕಾಲು ಪಾಲು ಜನ ಅದನ್ನೇ ಬರೆದಿದ್ದರು, ಹಾಗಾಗಿ ಮರ್ಯಾದೆಯೇನೂ ಹೋಗಲಿಲ್ಲ. ಪೇಪರ್ ಕೊಡುವಾಗ ಮೇಡಂ ನನ್ನ ಬೆಂಚಿನ ಹತ್ತಿರ ನಿಂತು, "ಎಂತ ಮಾರಾಯ್ತಿ, ಫ್ಲೋರಿನ್ ಅಂದರೆ ನಿಮಗೆಲ್ಲ ಅಷ್ಟು ಪ್ರೀತಿಯಾ?" ಅಂದರು.

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ನನಗೆ ಮೊದಲು ನೆನಪಾಗಿದ್ದು ವಾರ್ಷಿಕೋತ್ಸವವೂ ಅಲ್ಲ, ಟೂರೂ ಅಲ್ಲ, ಈ ಒಂದು ಮಾರ್ಕು.

ನಾನು ಮಂಡಗದ್ದೆ ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಬೆಳಿಗ್ಗೆ ತೀರ್ಥಹಳ್ಳಿಯಿಂದ ಬರುವ ಬಸ್ಸು ನಮ್ಮೂರಿಗೆ ತಲುಪುವಷ್ಟರಲ್ಲಿ ತುಂಬಿರುತ್ತಿತ್ತು, ಸಕ್ರೆಬೈಲು, ಗಾಜನೂರು ದಾಟಿ ಶಿವಮೊಗ್ಗದವರೆಗೂ ಕಂಬಿ ಹಿಡಿದು ನಿಂತೇ ಬರಬೇಕಿತ್ತು. ಮೊದಲ ಮೂರು ತಿಂಗಳು ಇಂಗ್ಲಿಷಿನಲ್ಲಿ ಮಾಡುವ ಪಾಠ ತಲೆಗೆ ಹೋಗಲೇ ಇಲ್ಲ. ಅದರ ಮೇಲೆ ಈ ಮೈನಸ್ ಗುರುತು ಬೇರೆ. ಮೈನಸ್ 349 ಅಂದರೆ ಮೈನಸ್ 328ಕ್ಕಿಂತ ಚಿಕ್ಕದು ಅಂತ ಗಣಿತದ ಸರ್ ಹೇಳಿದ್ದರು. ಇಲ್ಲಿ ನೋಡಿದರೆ ಅದೇ ಜಾಸ್ತಿ ಅಂತೆ! ಮೇಡಂ ಕನ್ನಡದಲ್ಲೇ ಬಿಡಿಸಿ ಹೇಳಿದರು. ಅನಿಲ ರೂಪದಲ್ಲಿರುವ ಪರಮಾಣು ಒಂದು ಎಲೆಕ್ಟ್ರಾನ್ ತೆಗೆದುಕೊಂಡಾಗ ಶಕ್ತಿ ಹೊರಗೆ ಬಿಟ್ಟರೆ ಮೈನಸ್, ಅಷ್ಟೆ. ಒಂದು ಮೋಲ್ ಪರಮಾಣುಗಳ ಲೆಕ್ಕಕ್ಕೆ ಕ್ಲೋರಿನ್ 349 ಕಿಲೋಜೂಲ್ ಬಿಡುತ್ತದೆ, ಫ್ಲೋರಿನ್ 328 ಬಿಡುತ್ತದೆ. ಬ್ರೋಮಿನ್ 325, ಅಯೋಡಿನ್ 295.

ಅಂದರೆ ಆವರ್ತಕ ಕೋಷ್ಟಕದಲ್ಲಿ ಕೆಳಗೆ ಹೋದ ಹಾಗೆ ಕಡಿಮೆಯಾಗಬೇಕಾದ ಸಾಲಿನಲ್ಲಿ ಮೇಲಿನವನೇ ಎಡವಿದ್ದಾನೆ. ಯಾಕೆ?

"ನಿಮ್ಮ ಮನೆಯಲ್ಲಿ ಜಗಲಿ ಇದೆಯಾ?" ಅಂತ ಕೇಳಿದರು ಮೇಡಂ. ಕ್ಲಾಸು ಗೊಳ್ಳೆಂದಿತು. ಮಲೆನಾಡಿನ ಮಕ್ಕಳಿಗೆ ಕೇಳುವ ಪ್ರಶ್ನೆಯಾ ಅದು!

ಅವರು ಬೋರ್ಡಿನ ಮೇಲೆ ಎರಡು ಜಗಲಿ ಬರೆದರು, ಒಂದು ಗಿಡ್ಡ, ಒಂದು ಉದ್ದ. ನನಗೆ ಗಿಡ್ಡದ್ದು ನೋಡಿದ ಕೂಡಲೇ ಅಜ್ಜಿ ಮನೆ ಕಂಡಿತು. ಕೊನೆಕೊಯ್ಲಿನ ದಿನಗಳಲ್ಲಿ ಆ ಜಗಲಿಯ ಮೇಲೆ ಅಡಿಕೆ ಸುಲಿಯಲು ಏಳು ಜನ ಕೂತರೆ ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಅಜ್ಜಿಗೋ, ದಾರಿಯಲ್ಲಿ ಯಾರು ಕಂಡರೂ ಕರೆಯದೆ ಇರಲಿಕ್ಕೆ ಆಗದು. "ಬಾ ಬಾ, ಕೂತ್ಕೋ" ಅಂತ ಒಳಗಿನಿಂದಲೇ ಕೂಗುತ್ತಿದ್ದರು. ಬಂದವರು ಕೂರುತ್ತಿದ್ದರು ಅನ್ನಿ, ಆದರೆ ಮೊದಲೇ ಕೂತವರ ಗೊಣಗಾಟ, ಸರಿದಾಟ, ಒಬ್ಬರ ಬುಟ್ಟಿ ಇನ್ನೊಬ್ಬರ ಮಡಿಲಿಗೆ. ದೊಡ್ಡಮ್ಮನ ಮನೆಯ ಜಗಲಿ ಉದ್ದ. ಅಲ್ಲಿ ಎಂಟನೆಯವರು ಬಂದದ್ದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಫ್ಲೋರಿನ್ ಅಜ್ಜಿ ಮನೆ. ನ್ಯೂಕ್ಲಿಯಸ್ ಹತ್ತಿರದಲ್ಲೇ ಇದೆ, ಎಳೆತ ಜೋರಾಗಿಯೇ ಇದೆ. ಆದರೆ ಹೊರಗಿನದು ಎರಡನೆಯ ಕವಚ, ತೀರಾ ಇಕ್ಕಟ್ಟು, ಪರಮಾಣುವಿನ ತ್ರಿಜ್ಯ ಬರೀ 64 ಪಿಕೋಮೀಟರ್. ಅಲ್ಲಿ ಕೂತಿರುವ ಏಳು ಎಲೆಕ್ಟ್ರಾನುಗಳು ಎಂಟನೆಯದನ್ನು ಹಿಂದಕ್ಕೆ ತಳ್ಳುತ್ತವೆ, ಹಾಗಾಗಿ ಕೊನೆಗೆ ಹೊರಗೆ ಬರುವ ಶಕ್ತಿ ಕಡಿಮೆ. ಕ್ಲೋರಿನ್ 99 ಪಿಕೋಮೀಟರ್, ದೊಡ್ಡಮ್ಮನ ಮನೆ. ಹಾಗಾದರೆ ಬ್ರೋಮಿನ್, ಅಯೋಡಿನ್ ಇನ್ನೂ ದೊಡ್ಡವಲ್ವಾ ಅಂದರೆ, ಹೌದು, ಅಲ್ಲಿ ಜಾಗ ಧಾರಾಳ, ಆದರೆ ಒಳಗಿನಿಂದ ನ್ಯೂಕ್ಲಿಯಸ್ ಕರೆದದ್ದು ಜಗಲಿಯವರೆಗೆ ಅಷ್ಟು ಜೋರಾಗಿ ಕೇಳಿಸುವುದಿಲ್ಲ. ಆಕ್ಸಿಜನ್ ಮತ್ತು ಗಂಧಕದ್ದೂ ಇದೇ ಕತೆ, ಒಂದು 141, ಇನ್ನೊಂದು 200. ನಿಯಾನಿನ ಜಗಲಿಯಲ್ಲಂತೂ ಎಂಟೂ ಜನ ಕೂತಾಗಿದೆ. ಒಂಬತ್ತನೆಯವರನ್ನು ನುಗ್ಗಿಸಬೇಕಾದರೆ ನಾವೇ ಕೈಯಿಂದ ಶಕ್ತಿ ಹಾಕಬೇಕು, ಅದಕ್ಕೇ ಪ್ಲಸ್ 116.

ಎಲೆಕ್ಟ್ರಾನ್ ಅಂದರೆ ಚಾಪೆ ಹಾಸಿ ಕೂರಿಸುವ ನೆಂಟ ಅಲ್ಲ ಅನ್ನುವುದು ಮುಂದೆ ಡಿಗ್ರಿಯಲ್ಲಿ ಗೊತ್ತಾಯಿತು. ಆದರೂ ಆ ಜಗಲಿ ಇಲ್ಲದೆ ನಾನು ಡಿಗ್ರಿವರೆಗೆ ಹೋಗುತ್ತಿದ್ದೆನಾ? ಅನುಮಾನ.

ಎರಡನೇ ಪಿಯುಸಿಯಲ್ಲಿ ಹ್ಯಾಲೊಜನ್, ಅಂದರೆ ಇದೇ ಫ್ಲೋರಿನ್, ಕ್ಲೋರಿನ್ ಕುಟುಂಬದ ಪಾಠ ಮತ್ತೆ ಬಂತು. ಲ್ಯಾಬಿನಲ್ಲಿ ಪೊಟ್ಯಾಶಿಯಂ ಅಯೋಡೈಡಿಗೆ ಕ್ಲೋರಿನ್ ನೀರು ಹಾಕಿ, ಕಾರ್ಬನ್ ಟೆಟ್ರಾಕ್ಲೋರೈಡ್ ಸೇರಿಸಿ ಅಲುಗಿಸಿದರೆ ತಳದಲ್ಲಿ ನೇರಳೆ ಹಣ್ಣಿನ ರಸದ ಬಣ್ಣ. ಕ್ಲೋರಿನ್ ಅಯೋಡೈಡಿನ ಎಲೆಕ್ಟ್ರಾನ್ ಕಿತ್ತುಕೊಂಡಿತು, ಅಯೋಡಿನ್ ಹೊರಬಿತ್ತು. ಇದು ಸರಿ. ಆದರೆ ಮಾರನೇ ದಿನ ಕ್ಲಾಸಿನಲ್ಲಿ, ಎಲ್ಲರಿಗಿಂತ ಬಲವಾಗಿ ಎಲೆಕ್ಟ್ರಾನ್ ಕಿತ್ತುಕೊಳ್ಳುವುದು ಫ್ಲೋರಿನ್, ಅದು ಕ್ಲೋರೈಡಿನಿಂದಲೂ ಕೀಳುತ್ತದೆ ಅಂದರು ಮೇಡಂ. ನನಗೆ ಸಿಟ್ಟೇ ಬಂತು. ಒಂದು ಮಾರ್ಕು ಕಳೆದುಕೊಂಡವಳಲ್ವಾ ನಾನು! ಎದ್ದು ನಿಂತು ಕೇಳಿದೆ. "ಎಲೆಕ್ಟ್ರಾನ್ ತೆಗೆದುಕೊಂಡಾಗ ಜಾಸ್ತಿ ಶಕ್ತಿ ಬಿಡುವುದು ಕ್ಲೋರಿನ್ ಅಂದಿದ್ದಿರಲ್ಲ ಮೇಡಂ? ಮತ್ತೆ ಗೆಲ್ಲುವುದು ಫ್ಲೋರಿನ್ ಹೇಗೆ?" ಗಂಟೆ ಹೊಡೆಯಿತು. ಸ್ಟಾಫ್ ರೂಮಿಗೆ ಬಾ ಅಂದರು.

ಜುಲೈ ತಿಂಗಳು, ಜಡಿಮಳೆ. ಸ್ಟಾಫ್ ರೂಮಿನ ಬಾಗಿಲಲ್ಲಿ ಕೊಡೆಗಳ ಸಾಲು, ನೆಲವೆಲ್ಲ ನೀರು. ಬರೆಯಲು ಹಾಳೆ ಸಿಗದೆ ಮೇಡಂ ನನ್ನ ಪುಸ್ತಕದಲ್ಲಿದ್ದ ಚೀಟಿ ಎಳೆದರು. ಅದು ಅಪ್ಪ ಅಡಿಕೆ ಮಾರಿದ ಮಂಡಿ ಚೀಟಿ, ಪುಟದ ಗುರುತಿಗೆ ಸುಮ್ನೆ ಇಟ್ಟುಕೊಂಡಿದ್ದೆ. ರಾಶಿ ಅಡಿಕೆ ಇಷ್ಟು, ಗೊರಬಲು ಅಡಿಕೆ ಇಷ್ಟು, ಹಮಾಲಿ ಇಷ್ಟು ಅಂತ ನೀಲಿ ಕಾರ್ಬನ್ ಅಕ್ಷರ. ಮೇಡಂ ಅದನ್ನೇ ಒಂದು ಗಳಿಗೆ ನೋಡಿ, "ಮಂಡಿಯಿಂದ ಬಂದ ಮೇಲೆ ನಿಮ್ಮಮ್ಮ ಏನು ಕೇಳುತ್ತಾರೆ? ದರವಾ?" ಅಂದರು. "ಇಲ್ಲ ಮೇಡಂ, ಕೈಗೆ ಎಷ್ಟು ಬಂತು ಅಂತ ಕೇಳ್ತಾರೆ."

"ಹಾಂ. 349 ಅನ್ನುವುದು ದರ. ಈಗ ಕೈಗೆ ಬಂದದ್ದು ನೋಡು."

ಚೀಟಿಯ ಹಿಂದೆ ಮೂರು ಸಾಲು ಬರೆದರು. ಮೊದಲು ಅಣುವನ್ನು ಒಡೆಯಬೇಕು, ಅರ್ಧ ಮೋಲಿಗೆ ಫ್ಲೋರಿನ್ನಿಗೆ 79 ಖರ್ಚು, ಕ್ಲೋರಿನ್ನಿಗೆ 121. ಆಮೇಲೆ ಎಲೆಕ್ಟ್ರಾನ್ ಬಂದದ್ದಕ್ಕೆ 328, 349. ಕೊನೆಗೆ ಹುಟ್ಟಿದ ಅಯಾನು ನೀರಿಗೆ ಬಿದ್ದಾಗ ಸುತ್ತ ನೀರಿನ ಅಣುಗಳು ಮುತ್ತಿಕೊಂಡು ಇನ್ನಷ್ಟು ಶಕ್ತಿ ಬರುತ್ತದೆ, ಫ್ಲೋರೈಡಿಗೆ 515, ಕ್ಲೋರೈಡಿಗೆ 381. ಕೂಡಿ ಕಳೆದರೆ ಫ್ಲೋರಿನ್ 764, ಕ್ಲೋರಿನ್ 609. ಅರ್ಧ ನಿಮಿಷ ಆ ಚೀಟಿಯನ್ನೇ ನೋಡಿದೆ. 21ರಲ್ಲಿ ಸೋತವನು 155ರಲ್ಲಿ ಗೆದ್ದಿದ್ದ!

ಇದರಲ್ಲಿ ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ ಬೇರೆ ಇದೆ. ಫ್ಲೋರಿನ್ ಅಣು ಅಷ್ಟು ಸುಲಭವಾಗಿ ಒಡೆಯುವುದು ಯಾಕೆ? ಎರಡು ಪುಟ್ಟ ಪರಮಾಣುಗಳು ಹತ್ತಿರ ಹತ್ತಿರ ಕೂತಾಗ ಇವನ ಎಲೆಕ್ಟ್ರಾನ್ ಜೋಡಿಗಳು ಅವನವನ್ನು ತಳ್ಳುತ್ತವೆ, ಅದಕ್ಕೆ. ನೀರು ಅಷ್ಟು ಬಿಗಿಯಾಗಿ ಮುತ್ತುವುದು ಯಾಕೆ? ಅಯಾನು ಪುಟ್ಟದು, ಅದಕ್ಕೆ. ಅಂದರೆ ಯಾವ ಇಕ್ಕಟ್ಟು ಒಂದು ಕಡೆ ಸೋಲಿಸಿತೋ ಅದೇ ಇನ್ನೆರಡು ಕಡೆ ಬಡ್ಡಿ ಸಮೇತ ವಸೂಲು ಮಾಡಿಕೊಟ್ಟಿತು. ನಮ್ಮ ಅಜ್ಜಿಯ ಹಾಗೇ.

ಇಂಥ ಫ್ಲೋರಿನ್ನನ್ನು ನಾವು ಲ್ಯಾಬಿನಲ್ಲಿ ಕಣ್ಣಿಂದಲೂ ನೋಡಲಿಲ್ಲ. ಅದನ್ನು ಬೇರ್ಪಡಿಸಲಿಕ್ಕೆ 1886ರವರೆಗೆ ಯಾರಿಂದಲೂ ಆಗಿರಲಿಲ್ಲವಂತೆ. ಫ್ರಾನ್ಸಿನ ಆನ್ರಿ ಮುವಾಸಾನ್ ಕೊನೆಗೂ ಹಿಡಿದರು, 1906ರಲ್ಲಿ ನೊಬೆಲ್ ಬಂತು.

ಇನ್ನೊಂದು ಜಗಳವೂ ನೆನಪಿದೆ. ಮೊದಲ ವರ್ಷದ ಪುಸ್ತಕದಲ್ಲಿ ಫ್ಲೋರಿನ್ನಿಗೆ 328, ಎರಡನೇ ವರ್ಷದ್ದರಲ್ಲಿ 333. ನಾನು ದೊಡ್ಡ ತಪ್ಪು ಹಿಡಿದವಳ ಹಾಗೆ ಎರಡೂ ಪುಸ್ತಕ ಹೊತ್ತುಕೊಂಡು ಹೋದೆ. ಮೇಡಂ ಕನ್ನಡಕ ತೆಗೆದು, "ಕ್ಲೋರಿನ್ನಿಗಿಂತ ಮೇಲೆ ಹೋಯಿತಾ?" ಅಂದರು. ಇಲ್ಲ ಮೇಡಂ. "ಹಾಗಾದರೆ ಊಟ ಮಾಡಿ ಬಾ, ಹೋಗು."

ಆ ಚೀಟಿ ಈಗಲೂ ನನ್ನ ಹತ್ತಿರ ಇದೆ, ಮಡಚಿದ ಕಡೆ ಹರಿದಿದೆ. ಒಂದು ಬದಿ 764, ಇನ್ನೊಂದು ಬದಿ ಗೊರಬಲು. ಆ ವರ್ಷ ಅಪ್ಪ ಲೆಕ್ಕ ತಾಳೆಯಾಗದೆ ಅದಕ್ಕಾಗಿ ಮನೆಯಿಡೀ ಹುಡುಕಿ, ಕೊನೆಗೆ ಇಲಿಗೆ ಬೈದು ಸುಮ್ಮನಾದರು. ನಾನು ಬಾಯಿ ಬಿಡಲಿಲ್ಲ.