ತುಱುಗೊಳ್ ಲೇಖನ: ಕರಡಿನಿಂದ ಸಲ್ಲಿಕೆಯವರೆಗೆ

ಮೇ 4

ಸೊರಬ ಮತ್ತು ಶಿಕಾರಿಪುರ ತಾಲೂಕುಗಳ ತುಱುಗೊಳ್ (ದನಗಳ ಅಪಹರಣ) ವೀರಗಲ್ಲುಗಳನ್ನು ಕುರಿತ ಲೇಖನದ ಬರವಣಿಗೆ ಕಳೆದ ವಾರ ಮುಗಿಯಿತು. ಇನ್ನು ಉಳಿದಿರುವುದು ಅದನ್ನು ಪತ್ರಿಕೆಯ ನಿಯಮಗಳಿಗೆ ತಕ್ಕಂತೆ ಸಜ್ಜುಗೊಳಿಸಿ ಕಳುಹಿಸುವ ಕೆಲಸ ಮಾತ್ರ ಎಂದುಕೊಂಡು, ಅದಕ್ಕೆ ಬೇಸಿಗೆ ರಜೆಯ ಹತ್ತು ದಿನ ಸಾಕೆಂದು ಲೆಕ್ಕ ಹಾಕಿದ್ದೇನೆ. ಊರ ದನಗಳನ್ನು ಹೊಡೆದುಕೊಂಡು ಹೋಗಲು ಬಂದವರೊಡನೆ ಕಾದಿ ಸತ್ತವರ ಕಲ್ಲುಗಳಲ್ಲಿ ‘ತುಱು’ ಎಂಬ ಶಬ್ದವನ್ನು ಎಲ್ಲಿಯವರೆಗೆ ಈಗ ಬಳಕೆಯಲ್ಲಿಲ್ಲದ ಱ ಕಾರದಿಂದಲೇ ಬರೆಯುತ್ತಿದ್ದರು, ಯಾವಾಗಿನಿಂದ ಅದು ‘ತುರು’ ಆಗುತ್ತದೆ ಎಂಬುದು ನನ್ನ ಪ್ರಶ್ನೆ. ಒಟ್ಟು 43 ಕಲ್ಲುಗಳು. 27ರಲ್ಲಿ ಱ, 16ರಲ್ಲಿ ರ. ಪತ್ರಿಕೆ ಇಂಗ್ಲಿಷಿನದು, ಟಿಪ್ಪಣಿಗಳೂ ಸೇರಿ 9,000 ಪದಗಳ ಮಿತಿ ಹಾಕಿದೆ. ನನ್ನ ಕರಡು 11,400ಕ್ಕೆ ನಿಂತಿದೆ. ಚಾಲುಕ್ಯರು ಯಾರು, ಕಳಚುರಿಗಳು ಯಾವಾಗ ಬಂದರು ಎಂದು ವಿವರಿಸುವ ನಾಲ್ಕು ಪುಟಗಳ ಪೀಠಿಕೆಯನ್ನು ಇಂದೇ ತೆಗೆದುಹಾಕಿದೆ. ಬರೆಯುವಾಗ ಅನಿವಾರ್ಯವೆನಿಸಿದ್ದ ಆ ಪುಟಗಳು ಹೋದ ಮೇಲೆ ಲೇಖನಕ್ಕೆ ಏನೂ ಆಗಲಿಲ್ಲ.

ಮೇ 6

ಶಾಸನಪಾಠಗಳ ಹಳೆಯ ಕಡತಗಳನ್ನು ತೆರೆದೆ. ಸುಮಾರು ಹದಿನೈದು ವರ್ಷಗಳ ಹಿಂದೆ ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ, ಅಂದರೆ ಯೂನಿಕೋಡ್ ಅಲ್ಲದ ಕ್ರಮದಲ್ಲಿ, ಹೊಡೆದಿಟ್ಟ ಪಾಠಗಳು ಅವು. ಪರಿವರ್ತಕಕ್ಕೆ ಹಾಕಿದರೆ ಸಾಮಾನ್ಯ ಗದ್ಯವೆಲ್ಲ ಚೆನ್ನಾಗಿಯೇ ಬಂತು. ತೊಡಕು ಬಂದದ್ದು ಎರಡು ಕಡೆ. ಒಂದು, ಅರ್ಕಾವತ್ತು. ಹಳೆಯ ಫಾಂಟಿನಲ್ಲಿ ಅದನ್ನು ಕಣ್ಣಿಗೆ ಕಾಣುವ ಸ್ಥಳದಲ್ಲಿ, ಎಂದರೆ ಅಕ್ಷರದ ನಂತರ ಹೊಡೆಯುತ್ತೇವೆ, ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರ ಕಾರ ಮೊದಲು ಬರಬೇಕು. ಒತ್ತಕ್ಷರಗಳು ಒಂದರ ಮೇಲೊಂದು ಸೇರಿದ ಕಡೆಗಳಲ್ಲಿ ಪರಿವರ್ತಕ ಎಡವಿ, ಅರ್ಕಾವತ್ತನ್ನು ಪಕ್ಕದ ಅಕ್ಷರಕ್ಕೆ ತಗುಲಿಸಿಬಿಟ್ಟಿದೆ.

ಎರಡನೆಯದು ನನ್ನದೇ ಪಾಪ. ಱ ಮತ್ತು ಅದರಂತೆಯೇ ಬಳಕೆ ತಪ್ಪಿದ ೞ ಕಾರಗಳನ್ನು ಆಗ ನಾನು ಒಂದೊಂದು ಕಡತದಲ್ಲಿ ಒಂದೊಂದು ಬಗೆಯಾಗಿ ಹೊಡೆದಿದ್ದೆ: ಕೆಲವೆಡೆ ಬೇರೊಂದು ಫಾಂಟಿನಿಂದ ತಂದು ಅಂಟಿಸಿದ್ದು, ಕೆಲವೆಡೆ ಅವಸರದಲ್ಲಿ ರ, ಳ ಎಂದೇ ಹೊಡೆದು ಅಡಿಗೆರೆ ಎಳೆದಿದ್ದು. ಪರಿವರ್ತನೆಯಲ್ಲಿ ಅಂಟಿಸಿದ ಅಕ್ಷರಗಳು ಗುರುತು ಸಿಗದ ಚಿಹ್ನೆಗಳಾದವು. ಅಡಿಗೆರೆಗಳು ಸುಳಿವೂ ಇಲ್ಲದೆ ಮಾಯವಾದವು. ‘ತುಱುವಂ ಮಗುೞ್ಚಿ’ ಎಂಬ ಮಾತು, ಎಂದರೆ ದನಗಳನ್ನು ಮರಳಿಸಿ ಎಂಬುದು, ಈ ಕಲ್ಲುಗಳ ಪಲ್ಲವಿ ಇದ್ದಂತೆ. ಅದರಲ್ಲಿ ಎರಡೂ ಅಕ್ಷರಗಳಿವೆ. ಅದು ‘ತುರುವಂ ಮಗುಳ್ಚಿ’ ಎಂದು ಬಂದರೆ ಓದುಗನಿಗೆ ಏನೂ ತಪ್ಪು ಕಾಣುವುದಿಲ್ಲ, ಆದರೆ ನನ್ನ ವಾದವೇ ಉಳಿಯುವುದಿಲ್ಲ. ಆದ್ದರಿಂದ ಪರಿವರ್ತಿತ ಪಾಠವನ್ನು ನಂಬುವುದನ್ನು ಬಿಟ್ಟು, 43 ಪಾಠಗಳನ್ನೂ ಅಚ್ಚಾದ ಸಂಪುಟಗಳ ಎದುರಿಟ್ಟುಕೊಂಡು ಅಕ್ಷರ ಅಕ್ಷರವಾಗಿ ಮತ್ತೆ ಹೊಡೆಯಲು ಕುಳಿತಿದ್ದೇನೆ. (ಯೂನಿಕೋಡ್ ಪಟ್ಟಿಯಲ್ಲಿ ೞ ಕಾರದ ಅಧಿಕೃತ ಹೆಸರು ಇಂದಿಗೂ ‘ಫ’ ಎಂದಿದೆ. ತಪ್ಪೆಂದು ಅವರಿಗೂ ಗೊತ್ತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮ ಇರುವುದರಿಂದ ಸರಿಯಾದದ್ದನ್ನು ಅಡ್ಡಹೆಸರಾಗಿ ಸೇರಿಸಿದ್ದಾರೆ.)

ಮೇ 11

ಪಾಠಗಳನ್ನು ರೋಮನ್ ಅಕ್ಷರಗಳಿಗೆ ತರುವ ಲಿಪ್ಯಂತರಕ್ಕೆ ನಾಲ್ಕು ದಿನ ಹಿಡಿಯಿತು. ಪತ್ರಿಕೆಯವರು 2001ರ ಐಎಸ್‌ಒ 15919 ಪದ್ಧತಿಯನ್ನು ಕೇಳುತ್ತಾರೆ. ನಾನು ಸಂಸ್ಕೃತದವರು ಬಳಸುವ ಪದ್ಧತಿಯಲ್ಲಿ ಬರೆದಿದ್ದೆ. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲದ ಕಾರಣ ಆ ಪದ್ಧತಿಯಲ್ಲಿ ಏ, ಓ ಕಾರಗಳಿಗೆ ಮೇಲ್ಗೆರೆ ಹಾಕುವುದಿಲ್ಲ. ಕನ್ನಡಕ್ಕೆ ಅದನ್ನೇ ತಂದರೆ ‘ಕೊಡು’ ಮತ್ತು ‘ಕೋಡು’ ಒಂದೇ ಆಗುತ್ತವೆ. ದನಗಳ ಬಗೆಗಿನ ಲೇಖನದಲ್ಲಿ ಈ ಗೊಂದಲವನ್ನು ಉಳಿಸಿಕೊಳ್ಳುವುದು ಸಾಧ್ಯವಿರಲಿಲ್ಲ. ಅನುಸ್ವಾರದ ಚುಕ್ಕಿ ಅಕ್ಷರದ ಕೆಳಗಿನಿಂದ ಮೇಲಕ್ಕೆ ಹೋಯಿತು, ಱ ಮತ್ತು ೞ ಕಾರಗಳಿಗೆ ಅಡಿಗೆರೆ ಬಂತು, ಳ ಕಾರಕ್ಕೆ ಅಡಿಚುಕ್ಕಿ ಉಳಿಯಿತು.

ಒಂದು ಸಂಜೆಯೆಲ್ಲ ವ್ಯರ್ಥವಾದದ್ದು ಇಲ್ಲಿ. ಅಡಿಗೆರೆಯುಳ್ಳ ರೋಮನ್ ಅಕ್ಷರವನ್ನು ಕಂಪ್ಯೂಟರಿನಲ್ಲಿ ಎರಡು ಬಗೆಯಲ್ಲಿ ಹೊಡೆಯಬಹುದು: ಗೆರೆಯೂ ಸೇರಿದ ಒಂದೇ ಸಂಕೇತವಾಗಿ, ಇಲ್ಲವೇ ಅಕ್ಷರ ಒಂದು, ಗೆರೆ ಇನ್ನೊಂದು ಎಂದು ಎರಡು ಸಂಕೇತಗಳಾಗಿ. ಕಣ್ಣಿಗೆ ಎರಡೂ ಒಂದೇ. ಹುಡುಕಲು ಹೊರಟರೆ ಒಂದು ಸಿಕ್ಕುತ್ತದೆ, ಇನ್ನೊಂದು ಸಿಕ್ಕುವುದಿಲ್ಲ. ಱ ರೂಪಗಳನ್ನು ಎಣಿಸಿದಾಗ 27ರ ಬದಲು 19 ಎಂದು ಬಂದು ಎದೆ ಧಸಕ್ಕೆಂದಿತು. ಉಳಿದ ಎಂಟು ಎರಡನೆಯ ಬಗೆಯಲ್ಲಿದ್ದವು. ಇಡೀ ಕಡತವನ್ನು ಒಂದೇ ರೂಪಕ್ಕೆ ತಂದ ಮೇಲೆ ಎಣಿಕೆ ಸರಿಹೋಯಿತು.

ಪಾಠದಲ್ಲಿ ಸವೆದ ಅಕ್ಷರಗಳನ್ನು ಸೂಚಿಸುವ ವಿಷಯದಲ್ಲೂ ಇಂಥದೇ ಒಂದು ಇಕ್ಕಟ್ಟಿದೆ. 1931ರಲ್ಲಿ ಗೊತ್ತುಪಡಿಸಿದ ಲೈಡನ್ ಕ್ರಮದಲ್ಲಿ ಸಂದೇಹಾಸ್ಪದ ಅಕ್ಷರದ ಕೆಳಗೆ ಚುಕ್ಕಿ ಇಡುತ್ತಾರೆ. ಗ್ರೀಕ್, ಲ್ಯಾಟಿನ್ ಶಾಸನಗಳಿಗೆ ಅದು ಸರಿ. ನಮ್ಮಲ್ಲಿ ಎಲ್ ಅಕ್ಷರದ ಕೆಳಗಿನ ಚುಕ್ಕಿ ಳ ಕಾರದ್ದೋ ಸಂದೇಹದ್ದೋ ಎಂದು ಹೇಳುವವರು ಯಾರು? ಸಂದೇಹಕ್ಕೆ ದುಂಡು ಕಂಸ, ಪೂರ್ತಿ ಅಳಿದುದನ್ನು ತುಂಬಿಸಿದ್ದಕ್ಕೆ ಚೌಕ ಕಂಸ ಎಂದು ಮೊದಲ ಟಿಪ್ಪಣಿಯಲ್ಲೇ ಬರೆದುಬಿಟ್ಟೆ.

ಮೇ 14

ಉಲ್ಲೇಖಗಳನ್ನು ಏಕರೂಪಕ್ಕೆ ತರುತ್ತಿದ್ದೇನೆ. ಶಾಸನಸಂಪುಟಗಳ ಮಾಲೆಯಾದ ‘ಎಪಿಗ್ರಾಫಿಯ ಕರ್ನಾಟಿಕ’ದಿಂದ ಉದ್ಧರಿಸುವವರೆಲ್ಲರಿಗೂ ಗೊತ್ತಿರುವ ತೊಂದರೆ ಇದು: ಬಿ. ಎಲ್. ರೈಸ್ ಅವರ ಹಳೆಯ ಆವೃತ್ತಿಗೂ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿಗೂ ಸಂಪುಟಗಳ ಸಂಖ್ಯೆ ಹೊಂದುವುದಿಲ್ಲ. ಬರಿದೇ ‘ಎ.ಕ. 7’ ಎಂದರೆ ಹಳೆಯದರಲ್ಲಿ ಶಿಕಾರಿಪುರ, ಹೊಸದರಲ್ಲಿ ಮಂಡ್ಯ. ಹೋಲಿಕೆಗೆಂದು ನಾನು ಎತ್ತಿಕೊಂಡಿರುವ ಆತಕೂರಿನ ಕಲ್ಲು, ಮಣಲೇರನೆಂಬ ವೀರನ ‘ಕಾಳಿ’ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಸತ್ತ ಕಥೆಯುಳ್ಳದ್ದು, ಹಳೆಯ ಆವೃತ್ತಿಯಲ್ಲಿ 3ನೆಯ ಸಂಪುಟದ ಮಂಡ್ಯ 41. ಹೊಸ 3ನೆಯ ಸಂಪುಟದಲ್ಲಿ ಹುಡುಕುವವನಿಗೆ ಸಿಕ್ಕುವುದು ಗುಂಡ್ಲುಪೇಟೆ, ನಂಜನಗೂಡು, ಹೆಗ್ಗಡದೇವನಕೋಟೆ. ಹೀಗಾಗಿ ಪ್ರತಿ ಉಲ್ಲೇಖಕ್ಕೂ ಆವೃತ್ತಿ, ಸಂಪುಟ, ತಾಲೂಕು, ಶಾಸನಸಂಖ್ಯೆ, ಕಲ್ಲು ಸಿಕ್ಕ ಜಾಗ ಎಂದು ಐದು ಕಾಲಂಗಳ ಒಂದು ಪಟ್ಟಿ ಮಾಡಿದೆ.

ಆ ಪಟ್ಟಿಯನ್ನು ಊರಿನ ಹೆಸರಿನ ಪ್ರಕಾರ ಜೋಡಿಸಿದಾಗ ಸೊರಬ ತಾಲೂಕಿನ ಒಂದು ಊರಿನ ಎರಡು ಕಲ್ಲುಗಳು ಒಂದರ ಕೆಳಗೊಂದು ಬಂದವು. ಒಂದು 1904ರ ಹಳೆಯ 8ನೆಯ ಸಂಪುಟದ್ದು, ‘ಕೆರೆಯ ಏರಿಯ ಬಳಿ’. ಇನ್ನೊಂದು ಎಷ್ಟೋ ಕಾಲದ ಮೇಲಿನ ವರದಿಯೊಂದರದು, ‘ದೇವಸ್ಥಾನದ ಅಂಗಳದಲ್ಲಿ’. ಎರಡರಲ್ಲೂ ಸಂವತ್ಸರ ಒಂದೇ, ಸತ್ತವನ ಹೆಸರೂ ಒಂದೇ. ಮೊದಲನೆಯದರಲ್ಲಿ ತುಱು, ಎರಡನೆಯದರಲ್ಲಿ ತುರು. ಎರಡು ವರ್ಷಗಳಿಂದ ಇವನ್ನು ನಾನು ಎರಡು ಕಲ್ಲುಗಳೆಂದು, ಅದೂ ಎದುರೆದುರು ಕಾಲಂಗಳಲ್ಲಿ, ಎಣಿಸಿಕೊಂಡು ಬಂದಿದ್ದೇನೆ.

ಮೇ 17

ಕಲ್ಲನ್ನು ನೋಡಿ ಬಂದೆ. ದೇವಸ್ಥಾನದ ಅಂಗಳದಲ್ಲಿ, ಹೊಸದಾಗಿ ಹಾಕಿದ ಸಿಮೆಂಟ್ ನೆಲಕ್ಕೆ ಅಡಿಭಾಗ ಹೂತುಹೋಗಿರುವ, ಮೂರು ಹಂತಗಳ ವೀರಗಲ್ಲು. ಅಂಗಳ ಗುಡಿಸುತ್ತಿದ್ದ ಹಿರಿಯರೊಬ್ಬರು, “ಮೇಷ್ಟ್ರೇ, ಹೋದ ಸಲಾನೂ ಇದೇ ಕಲ್ಲು ನೋಡ್ಕಂಡು ಹೋಗಿದ್ರಲ್ಲ, ಮತ್ತೆ ಏನು ಬಂತು ಇದ್ರಲ್ಲಿ?” ಎಂದರು. ಕೆರೆಯ ಏರಿಯ ಕಲ್ಲು ಎಲ್ಲಿದೆ ಎಂದು ಕೇಳಿದೆ. “ಅದೇ ಇದು. ಏರಿ ದುರಸ್ತಿ ಮಾಡ್ವಾಗ ಗಾಡಿ ಮೇಲೆ ಹೇರ್ಕಂಡು ತಂದಿದ್ದು, ನಮ್ಮಪ್ಪ ಹೇಳ್ತಿದ್ರು,” ಎಂದು ಅವರು ಮತ್ತೆ ಗುಡಿಸಲು ತೊಡಗಿದರು.

ಎರಡನೆಯ ಪಟ್ಟಿಕೆಯ ಸಾಲಿನಲ್ಲಿದ್ದ ಕುಂಕುಮ ಮತ್ತು ಎಣ್ಣೆಯ ಜಿಡ್ಡನ್ನು ಅವರ ಅನುಮತಿ ಪಡೆದು ನೀರು ಮತ್ತು ಮೆತ್ತನೆಯ ಬ್ರಷ್ಷಿನಿಂದ ತೆಗೆದು, ಬಿಸಿಲು ಇಳಿಯುವವರೆಗೆ ಕಾದೆ. ಐದೂವರೆಯ ಓರೆ ಬೆಳಕಿನಲ್ಲಿ ಆ ಒಂದು ಅಕ್ಷರದ ನಡುವಿನ ಕೊರೆತ ನೆರಳು ಕಟ್ಟಿಕೊಂಡು ನಿಂತಿತು. ಅದು ಱ ಕಾರವೇ. ಹಳೆಯ ಸಂಪುಟದ ಓದು ಸರಿ. 43 ಹೋಗಿ 42. 27 ಹಾಗೆಯೇ, 16 ಹೋಗಿ 15. ಹನ್ನೆರಡನೆಯ ಶತಮಾನದ ‘ತುರು’ ರೂಪಕ್ಕೆ ನನ್ನ ಬಳಿ ಇದ್ದ ನಾಲ್ಕು ಆಧಾರಗಳಲ್ಲಿ ಒಂದು ಬಿದ್ದುಹೋಯಿತು. ಎರಡು ಕೋಷ್ಟಕಗಳನ್ನೂ ಸಾರಾಂಶದ ಒಂದು ವಾಕ್ಯವನ್ನೂ ಬದಲಿಸಿ, ‘ಸ್ಪಷ್ಟವಾಗಿ’ ಎಂಬ ಮಾತನ್ನು ಎರಡು ಕಡೆ ಹೊಡೆದುಹಾಕಿದೆ.

ಮೇ 21

ಸಣ್ಣ ಕೆಲಸಗಳು. ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕವೆಂದು ಬರೆದು ಮುಂದೆ ಹೋಗುವ ಅಭ್ಯಾಸವನ್ನು ಪತ್ರಿಕೆ ಒಪ್ಪುವುದಿಲ್ಲ. ಕಲ್ಲಿನ ವರ್ಷಸಂಖ್ಯೆ ಆಗಲೇ ಪೂರ್ತಿ ಮುಗಿದಿದ್ದ ವರ್ಷದ್ದೋ ಆಗ ನಡೆಯುತ್ತಿದ್ದ ವರ್ಷದ್ದೋ ಎಂದು ಹೇಳಬೇಕು. ಆತಕೂರಿನ ಶಕ 872ಕ್ಕೆ 78 ಕೂಡಿಸಿದರೆ 950–51 ಬರುತ್ತದೆ, ಆದರೆ ಕಲ್ಲು ಹೇಳುವ ಸೌಮ್ಯ ಸಂವತ್ಸರ 949–50ರದು. ಹಾಗಾಗಿ ಅದು ನಡೆಯುತ್ತಿದ್ದ 872. ಉಳಿದ ಕಲ್ಲುಗಳಲ್ಲೂ ಸಂವತ್ಸರವನ್ನೇ ಮುಂದಿಟ್ಟುಕೊಂಡು ತಾಳೆ ನೋಡಿದೆ.

ಗ್ರಂಥಸೂಚಿಯನ್ನು ಜೊಟೆರೊ ತಂತ್ರಾಂಶಕ್ಕೆ ಒಪ್ಪಿಸಿದ್ದೇನೆ. ಮನೆತನದ ಹೆಸರು ಮೊದಲು, ಸ್ವಂತ ಹೆಸರು ಆಮೇಲೆ ಎಂಬ ಅದರ ಲೆಕ್ಕ ಎಂ. ಎಂ. ಕಲಬುರ್ಗಿಯವರಿಗೆ ಸರಿಹೋಗುತ್ತದೆ. ಎಂ. ಚಿದಾನಂದಮೂರ್ತಿಯವರ ಹೆಸರನ್ನು ಎರಡು ಪದಗಳಾಗಿ ಬಿಡಿಸಿ ಬರೆದ ಕಡೆ ಮಾತ್ರ ಅದು ‘ಮೂರ್ತಿ’ಯನ್ನು ಮನೆತನದ ಹೆಸರೆಂದು ತಿಳಿದು ಅವರನ್ನು ಎರಡು ಸ್ಥಳಗಳಲ್ಲಿ ಕೂರಿಸಿತು. ಅಂಥ ಹೆಸರುಗಳನ್ನು ಒಂದೇ ಖಾನೆಯಲ್ಲಿ ತುಂಬುವ ಸೌಲಭ್ಯವಿದೆ, ಅದನ್ನೇ ಬಳಸಿದೆ.

ಮೇ 26

ಚಿತ್ರಗಳು. ಮುದ್ರಣದ ಅಳತೆಯಲ್ಲಿ ಇಂಚಿಗೆ 300 ಚುಕ್ಕಿ ಬೇಕು. 12 ಸೆಂಟಿಮೀಟರ್ ಅಗಲದ ಚಿತ್ರಕ್ಕೆ ಸುಮಾರು 1,417 ಪಿಕ್ಸೆಲ್. ಗೆಳೆಯರು ವಾಟ್ಸಾಪ್‌ನಲ್ಲಿ ಕಳುಹಿಸಿದ್ದ ಮೂರು ಚಿತ್ರಗಳು ಬಳಕೆಗೆ ಬಾರದ ಕಾರಣ ಮೂಲ ಕಡತಗಳನ್ನು ತರಿಸಿಕೊಂಡೆ.

ವಿಮರ್ಶಕರಿಗೆ ಲೇಖಕನ ಗುರುತು ಹತ್ತಬಾರದು. ‘ನನ್ನ ಹಿಂದಿನ ಲೇಖನದಲ್ಲಿ’ ಎಂಬ ಮಾತುಗಳನ್ನು ತಿದ್ದಿ, ಕೃತಜ್ಞತೆಯನ್ನು ಪ್ರತ್ಯೇಕ ಪುಟಕ್ಕೆ ಸಾಗಿಸಿ, ಕಡತದ ಗುಣಲಕ್ಷಣಗಳಲ್ಲಿ ಅಡಗಿದ್ದ ಹೆಸರನ್ನೂ ಅಳಿಸಿದೆ. ನಾಲ್ಕನೆಯ ಚಿತ್ರದಲ್ಲಿ ಕಲ್ಲಿನ ಪಕ್ಕ ಇಟ್ಟಿದ್ದ ಅಳತೆಪಟ್ಟಿಯ ಮೇಲೆ ನಮ್ಮ ಕಾಲೇಜಿನ ಹೆಸರನ್ನು ದಪ್ಪಕ್ಷರಗಳಲ್ಲಿ ಬರೆಸಿದ್ದು ಕಣ್ಣಿಗೆ ಬಿತ್ತು. ಅಷ್ಟು ಭಾಗವನ್ನು ವರ್ಡ್‌ನಲ್ಲೇ ಕತ್ತರಿಸಿದೆ.

ಮೇ 28

ಸಲ್ಲಿಸಿದೆ. ಜಾಲತಾಣ ತಾನೇ ಕಟ್ಟಿಕೊಟ್ಟ ಪಿಡಿಎಫ್‌ನಲ್ಲಿ ಮೊದಲ ಸಲ ಱ ಕಾರಗಳೆಲ್ಲ ಖಾಲಿ ಚೌಕಗಳಾಗಿದ್ದವು; ಫಾಂಟನ್ನು ಕಡತದೊಳಗೇ ಅಡಕಮಾಡಿ ಮತ್ತೆ ಏರಿಸಿದ ಮೇಲೆ ಸರಿಯಾಯಿತು. ಪದಗಳು 8,870.

ಜೂನ್ 2

ಲೇಖನ ಹಿಂದಕ್ಕೆ ಬಂದಿದೆ, ಪರಿಶೀಲನೆಗೆ ಹೋಗುವ ಮೊದಲೇ. ವರ್ಡ್‌ನಲ್ಲಿ ಕತ್ತರಿಸಿದ ಚಿತ್ರದ ಭಾಗ ಕಣ್ಣಿಗೆ ಮರೆಯಾಗುತ್ತದೆಯೇ ಹೊರತು ಕಡತದಿಂದ ಹೋಗುವುದಿಲ್ಲವಂತೆ; ಕಾರ್ಯಾಲಯದ ಸಹಾಯಕರೊಬ್ಬರು ಒಂದು ಗುಂಡಿ ಒತ್ತಿ ನೋಡಿದಾಗ ಅಳತೆಪಟ್ಟಿ ಕಾಲೇಜಿನ ಹೆಸರಿನ ಸಮೇತ ಹಾಜರಾಗಿದೆ. ಚಿತ್ರವನ್ನು ಹೊರಗೆ ತೆಗೆದು ಮೂಲದಲ್ಲೇ ಕತ್ತರಿಸಿ, ಅಳತೆಯನ್ನು ಅಡಿಬರಹದಲ್ಲಿ ಸೆಂಟಿಮೀಟರಿನಲ್ಲಿ ಬರೆದು, ಸಂಜೆ ಆರಕ್ಕೆ ಮತ್ತೆ ಕಳುಹಿಸಿದೆ. ಸಲ್ಲಿಕೆಯ ಸಂಖ್ಯೆ ಮೊದಲಿನದೇ ಉಳಿದಿದೆ.